ಕೆಂಪಿ ಮತ್ತು 14 ತಿರುವು

1/7

ನಿಮ್ಮನೆ ನಾಯಿ ಕಾರ್ ಹತ್ತಿದ ಐದೇ ನಿಮಿಷಕ್ಕೆ ವಾಂತಿ ಮಾಡುತ್ತಾ? ಕಾರ್ ಕೀ ಸದ್ದು ಕೇಳಿದ್ರೆ ಸಾಕು, ಮಂಚದ ಕೆಳಗೆ ಹೋಗಿ ಸೇರ್ಕೊಳ್ಳುತ್ತಾ? ಹಾಗಾದ್ರೆ ಈ ಏಳು ಪೋಸ್ಟ್ ನಿಮಗೇ. ಸೇವ್ ಮಾಡಿಟ್ಕೊಳ್ಳಿ. ನಾಯಿ ಇಲ್ಲದವರೂ ಓದಬಹುದು. ಘಾಟಿ ಬಸ್ಸಲ್ಲಿ ಕಿಟಕಿ ಸೀಟಿಗೆ ಜಗಳ ಆಡಿ, ಕೈಯಲ್ಲಿ ನಿಂಬೆಹಣ್ಣು ಹಿಡ್ಕೊಂಡು ಕೂರೋರು ನಮ್ಮ ಕ್ಲಾಸಲ್ಲೇ ಎಷ್ಟು ಜನ ಇದ್ದೀರಿ ಅಂತ ನಂಗೊತ್ತು.

ಕೆಂಪಿಯನ್ನ ನನ್ನ ಸ್ಟೋರಿಗಳಲ್ಲಿ ನೋಡಿರ್ತೀರಿ. ಮೂರು ವರ್ಷ, 16 ಕೆಜಿ, ಇಟ್ಟಿಗೆ ಬಣ್ಣದ ಅಪ್ಪಟ ನಾಡು ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿದೆ. ಹೆಸರಿಗೆ ನಮ್ಮನೆ ನಾಯಿ, ನಿಜಕ್ಕೂ ಅಜ್ಜಿಯ ನಾಯಿ. ಅಜ್ಜ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಗೇಟ್ ಹತ್ರ ನಡುಗ್ತಾ ನಿಂತಿದ್ದ ಮರಿ ಅದು. ಅವತ್ತು ರಾತ್ರಿ ಅಜ್ಜಿ ಮಂಚದ ಪಕ್ಕ ಗೋಣಿಚೀಲದ ಮೇಲೆ ಮಲಗಿತು. ಇವತ್ತಿಗೂ ಅಲ್ಲೇ ಮಲಗೋದು.

ಏಪ್ರಿಲ್ ಮೊದಲ ವಾರ ಅಪ್ಪಂಗೆ ಉಡುಪಿಗೆ ವರ್ಗ ಅಂತ ಗೊತ್ತಾಯ್ತು. ಜೂನ್ 1ಕ್ಕೆ ಅಲ್ಲಿರ್ಬೇಕು. ಅಪ್ಪ, ಅಮ್ಮ, ಅಜ್ಜಿ ಹೋಗೋದು. ನಾನು ಕೊನೆ ವರ್ಷದ ಬಿಕಾಂ ಮುಗಿಸೋಕೆ ಶಿವಮೊಗ್ಗದಲ್ಲೇ ಹಾಸ್ಟೆಲ್. ಮತ್ತೆ ಕೆಂಪಿ? ವಿನೋಬನಗರದಿಂದ ಬಸ್ ಸ್ಟ್ಯಾಂಡ್ ತನಕ ಕಾರಲ್ಲಿ ಹೋದ್ರೂ ಅದಕ್ಕೆ ವಾಂತಿ. ಉಡುಪಿ ಅಂದ್ರೆ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ದಾಟಿ ಸುಮಾರು 150 ಕಿಲೋಮೀಟರ್. ಮಧ್ಯದಲ್ಲಿ ಘಾಟಿಯ 14 ತಿರುವು.

"ಹಿಂದಿನ ಬೀದಿಯವರು ನೋಡ್ಕೋತೀವಿ ಅಂದಿದಾರೆ. ಅಲ್ಲೇ ಬಿಡೋಣ, ಆರಾಮಾಗಿರುತ್ತೆ ಬಿಡೆ" ಅಂದ್ರು ಅಪ್ಪ. ಅವರೇನು ಕಲ್ಲು ಮನಸ್ಸಿನವರಲ್ಲ. ವಾಂತಿ ಮಾಡ್ತಾ, ನಡುಗ್ತಾ ಇರೋ ಪ್ರಾಣಿಯನ್ನ ನಾಲ್ಕು ಗಂಟೆ ಕಾರಲ್ಲಿ ಕೂರಿಸೋದು ಅದಕ್ಕೇ ಹಿಂಸೆ ಅಂತ ಅವರ ಲೆಕ್ಕ.

ಅಜ್ಜಿ ಅಲ್ಲಿ ಏನೂ ಮಾತಾಡ್ಲಿಲ್ಲ. ರಾತ್ರಿ ಮಜ್ಜಿಗೆ ಅನ್ನ ಕಲಸ್ತಾ ಹೇಳಿದ್ರು: "ಅದು ಬರಲ್ಲ ಅಂದ್ರೆ ನಾನೂ ಬರಲ್ಲ. ನಮ್ಮಿಬ್ರನ್ನೂ ಆ ಹಿಂದಿನ ಬೀದಿಯವರ ಮನೇಲೇ ಬಿಟ್ಟು ಹೋಗು."

ನಮ್ಮ ಕೈಲಿದ್ದದ್ದು ಎಂಟು ವಾರ.

2/7

ಮೊದಲು ಇದು ಯಾಕಾಗುತ್ತೆ ಅಂತ ತಿಳ್ಕೊಳ್ಳಿ. "ಹೊಟ್ಟೆ ಸರಿ ಇಲ್ಲ" ಅಂತ ನಾವು ಹೇಳ್ತೀವಿ. ಆದರೆ ಇದು ಶುರುವಾಗೋದು ಹೊಟ್ಟೆಯಲ್ಲಲ್ಲ, ಕಿವಿಯಲ್ಲಿ.

ಒಳಕಿವಿಯಲ್ಲಿ ಅರ್ಧವೃತ್ತದ ಆಕಾರದ ಮೂರು ಪುಟ್ಟ ನಾಳಗಳಿವೆ. ಒಳಗೆ ದ್ರವ ಇರುತ್ತೆ. ತಲೆ ತಿರುಗಿದಾಗ ಆ ದ್ರವ ಅಲುಗಾಡಿ "ನೀನು ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ" ಅಂತ ಮೆದುಳಿಗೆ ಸುದ್ದಿ ಕಳಿಸುತ್ತೆ. ಕಾರಿನ ಸೀಟಲ್ಲಿ ಕೂತ ನಾಯಿಯ ಕಣ್ಣಿಗೆ ಕಾಣೋದು ಮುಂದಿನ ಸೀಟಿನ ಬೆನ್ನು ಮಾತ್ರ. ಅದು ಅಲುಗಾಡ್ತಾ ಇಲ್ಲ. ಕಣ್ಣು "ಕೂತಿದೀವಿ" ಅನ್ನುತ್ತೆ, ಕಿವಿ "ಓಡ್ತಿದೀವಿ" ಅನ್ನುತ್ತೆ. ಇಬ್ಬರ ಲೆಕ್ಕ ತಾಳೆ ಆಗಲ್ಲ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ನಮಗೆ ಹೊಟ್ಟೆ ತೊಳೆಸುತ್ತಲ್ಲ, ಹಾಗೆ ಅಂದ್ಕೊಳ್ಳಿ.

ಕಿವಿಯ ಪಾತ್ರ ಹಳೇ ಸಂಶೋಧನೆ. ಅಮೆರಿಕದ ವಿಲಿಯಂ ಜೇಮ್ಸ್ 1882ರಲ್ಲೇ ಕಿವಿ ಕೇಳದವರ ಬಗ್ಗೆ ಅಧ್ಯಯನ ಮಾಡಿದ್ರು. ಗಿರಗಿರ ತಿರುಗಿಸಿದ್ರೂ ಅವರಲ್ಲಿ ಹಲವರಿಗೆ ತಲೆಸುತ್ತೇ ಬರಲಿಲ್ಲ. ಒಳಕಿವಿಯ ಆ ಭಾಗ ಕೆಲಸ ಮಾಡದಿದ್ರೆ ತಲೆಸುತ್ತಿಗೆ ಕಾರಣವೇ ಇರಲ್ಲ.

ಮರಿಗಳಲ್ಲಿ ಈ ಭಾಗ ಇನ್ನೂ ಪೂರ್ತಿ ಬೆಳೆದಿರಲ್ಲ. ಅದಕ್ಕೇ ಅವು ಜಾಸ್ತಿ ವಾಂತಿ ಮಾಡ್ತವೆ. ಎಷ್ಟೋ ನಾಯಿಗಳಿಗೆ ಒಂದು ವರ್ಷ ಆಗೋ ಹೊತ್ತಿಗೆ ತಾನಾಗೇ ಸರಿಹೋಗುತ್ತೆ. ನಿಮ್ಮದು ನಾಲ್ಕು ತಿಂಗಳ ಮರಿ ಆಗಿದ್ರೆ ಗಾಬರಿ ಬೇಡ.

ನಾಯಿ "ಅಣ್ಣಾ, ಸ್ವಲ್ಪ ಗಾಡಿ ನಿಲ್ಸಿ" ಅನ್ನಲ್ಲ. ಆದರೆ ವಾಂತಿಗೆ ಮುಂಚೆ ಹೇಳುತ್ತೆ, ನಾವು ನೋಡ್ಬೇಕು. ಪದೇಪದೇ ತುಟಿ ನೆಕ್ಕೋದು. ಆಕಳಿಕೆ, ಅದು ನಿದ್ದೆ ಆಕಳಿಕೆ ಅಲ್ಲ. ಗುಟುಕು ಗುಟುಕಾಗಿ ನುಂಗೋದು. ಜೊಲ್ಲು. ಏದುಸಿರು. ಕೂತಲ್ಲಿ ಕೂರದೆ ಚಡಪಡಿಸೋದು, ಕುಂಯ್‌ಗುಡೋದು. ಕೆಲವು ನಾಯಿಗಳು ಅಲುಗಾಡದೆ ಮೌನವಾಗಿ ಕೂತುಬಿಡ್ತವೆ. "ಎಷ್ಟು ಜಾಣ" ಅಂತ ನಾವು ಮೆಚ್ಕೋತೀವಿ, ಪಾಪ ಅದಕ್ಕೆ ಒಳಗೊಳಗೇ ಸಂಕಟ.

ಕೆಂಪಿಯ ಕ್ರಮ ಹೀಗೆ: ಆಕಳಿಕೆ, ತುಟಿ, ಜೊಲ್ಲು, ಆಮೇಲೆ ವಾಂತಿ. ನಿಮ್ಮ ನಾಯಿಯ ಕ್ರಮ ಯಾವುದು ಅಂತ ಮೊದಲು ಬರೆದಿಟ್ಕೊಳ್ಳಿ.

3/7

ಈಗ ಮುಖ್ಯ ವಿಷಯ. ಇದೊಂದನ್ನ ನೆನಪಿಟ್ಕೊಂಡ್ರೆ ಉಳಿದದ್ದೆಲ್ಲ ಅರ್ಥ ಆಗುತ್ತೆ.

ಕೆಂಪಿಗೆ ಜೊಲ್ಲು ಶುರುವಾಗ್ತಿದ್ದದ್ದು ಕಾರ್ ಹೊರಟ ಮೇಲಲ್ಲ. ಹೊರಡೋಕೂ ಮುಂಚೆ. ಎಂಜಿನ್ ಇಲ್ಲ, ತಿರುವಿಲ್ಲ, ಏನಿಲ್ಲ. ಬಾಗಿಲು ತೆಗೆದ್ರೆ ಸಾಕು, ಬಾಯಿಂದ ನೀರು. ನಿಂತ ಕಾರಲ್ಲಿ ಕಿವಿಗೆ ಏನು ತೊಂದರೆ?

ಪಾವ್ಲೊವ್ ಹೆಸರು ಕೇಳಿರ್ತೀರಿ. ರಷ್ಯಾದ ವಿಜ್ಞಾನಿ. ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ 1904ರಲ್ಲಿ ನೊಬೆಲ್ ಬಂತು. ಅವರ ಪ್ರಯೋಗಾಲಯದ ನಾಯಿಗಳು ಊಟ ಬಾಯಿಗೆ ಬೀಳೋಕೆ ಮುಂಚೆಯೇ, ಊಟದ ಸೂಚನೆ ಸಿಕ್ಕ ತಕ್ಷಣ ಜೊಲ್ಲು ಸುರಿಸ್ತಿದ್ವು. ಕೆಂಪಿಯದೂ ಅದೇ ಪಾಠ, ಆದರೆ ಉಲ್ಟಾ. ಅಲ್ಲಿ ಸೂಚನೆ ಅಂದ್ರೆ ಊಟ. ಇಲ್ಲಿ ಕಾರಿನ ಬಾಗಿಲು ಅಂದ್ರೆ ಸಂಕಟ. ಮೂರು ವರ್ಷದಲ್ಲಿ ಅದು ಕಾರ್ ಹತ್ತಿದ್ದೇ ಏಳೆಂಟು ಸಲ. ಅಷ್ಟೂ ಸಲ ಹೋಗಿದ್ದು ಒಂದೇ ಕಡೆಗೆ, ಸೂಜಿ ಚುಚ್ಚಿಸ್ಕೊಳ್ಳೋಕೆ.

ಅಂದ್ರೆ ಕಾಯಿಲೆ ಒಂದಲ್ಲ, ಎರಡು. ಒಂದು ಕಿವಿಯದು, ಇನ್ನೊಂದು ನೆನಪಿನದು. ಕಿವಿಯದಕ್ಕೆ ಮಾತ್ರೆ ಇದೆ. ನೆನಪಿನದಕ್ಕೆ ಮಾತ್ರೆ ಇಲ್ಲ, ಸಮಯ ಮಾತ್ರ. ಕೆಟ್ಟ ನೆನಪನ್ನ ಅಳಿಸೋಕಾಗಲ್ಲ, ಅದರ ಮೇಲೆ ಒಳ್ಳೇ ನೆನಪನ್ನ ಒಂದೊಂದಾಗಿ ಪೇರಿಸ್ತಾ ಹೋಗ್ಬೇಕು.

ಮೊದಲ ಕೆಲಸ ಅಂತ ಪಶುವೈದ್ಯರ ಹತ್ರ ಹೋದ್ವಿ. ಕಾರಲ್ಲಲ್ಲ, ನಡ್ಕೊಂಡೇ. ಅವರು ಕೆಂಪಿಯ ಎರಡೂ ಕಿವಿ ಬೆಳಕು ಬಿಟ್ಟು ನೋಡಿದ್ರು. ಕಿವಿ ಸೋಂಕಿನಿಂದಲೂ ಹೀಗೆ ಆಗಬಹುದಂತೆ. ತಲೆ ಒಂದೇ ಕಡೆ ವಾಲಿಸೋದು, ಸುಮ್ಮನೆ ಗಿರಕಿ ಹೊಡೆಯೋದು, ಕಾರ್ ಹತ್ತದಿದ್ರೂ ವಾಂತಿ ಮಾಡೋದು ಕಂಡ್ರೆ ಅದು ಪ್ರಯಾಣದ ತೊಂದರೆ ಅಲ್ಲ, ತಕ್ಷಣ ತೋರಿಸ್ಬೇಕು.

ಕೆಂಪಿ ಕಿವಿ ಸರಿ ಇತ್ತು. ಮಾರೋಪಿಟೆಂಟ್ ಅನ್ನೋ ಮಾತ್ರೆ ಬರೆದ್ರು. ಮೆದುಳಿನ ವಾಂತಿ ಕೇಂದ್ರಕ್ಕೆ ಹೋಗೋ ಸಂದೇಶವನ್ನ ಅದು ತಡೆಯುತ್ತೆ. ನಿದ್ದೆ ಬರಿಸೋ ಮಾತ್ರೆ ಅಲ್ಲ. ಹೊರಡೋಕೆ ಕನಿಷ್ಠ 2 ಗಂಟೆ ಮುಂಚೆ, ಒಂದು ತುತ್ತಿನ ಜೊತೆ ಕೊಡ್ಬೇಕು. ಎಷ್ಟು ಕೊಡ್ಬೇಕು ಅನ್ನೋದು ತೂಕ ನೋಡಿ ವೈದ್ಯರೇ ಹೇಳ್ಬೇಕು. ದಯವಿಟ್ಟು ನಾವು ಬಸ್ಸಿಗೆ ಮುಂಚೆ ನುಂಗೋ ಮಾತ್ರೆಯನ್ನ ಅಂದಾಜಿನ ಮೇಲೆ ಅರ್ಧ ಮುರಿದು ನಾಯಿಗೆ ಹಾಕ್ಬೇಡಿ.

"ಮಾತ್ರೆ ವಾಂತಿ ನಿಲ್ಸುತ್ತೆ, ಭಯ ನಿಲ್ಸಲ್ಲ. ದೂರ ಹೋಗೋ ದಿನ ಕೊಡಿ, ಹೊಸ ಕೆಟ್ಟ ನೆನಪು ಸೇರದಿರಲಿ ಅಂತ. ಉಳಿದದ್ದು ನಿಮ್ಮ ತಾಳ್ಮೆ" ಅಂದ್ರು.

4/7

ಮನೆಗೆ ಬಂದು ಒಂದು ಹಳೇ ನೋಟ್‌ಬುಕ್ಕಿಗೆ ಗೆರೆ ಎಳೆದೆ. ಬಿಕಾಂ ಓದಿ ಇನ್ನೇನು ಬರುತ್ತೆ ನಂಗೆ? ತಾರೀಖು, ಎಷ್ಟು ಹೊತ್ತು, ಎಷ್ಟು ದೂರ, ಆಕಳಿಕೆ, ಜೊಲ್ಲು, ವಾಂತಿ, ಇಳಿದ ಮೇಲೆ ಏನು ಸಿಕ್ತು. ಎಡಗಡೆ ಖರ್ಚು, ಬಲಗಡೆ ಜಮಾ. ಪ್ರತಿದಿನ ಜಮಾ ಜಾಸ್ತಿ ಇರ್ಬೇಕು. ಅಷ್ಟೇ ನಿಯಮ.

ಮೊದಲ ವಾರ ಕಾರ್ ಒಂದಿಂಚೂ ಕದಲಲಿಲ್ಲ. ನಾಲ್ಕೂ ಬಾಗಿಲು ತೆಗೆದಿಟ್ಟು, ಕೆಂಪಿ ನಿರಾಳವಾಗಿ ನಿಲ್ಲೋವಷ್ಟು ದೂರದಲ್ಲಿ ನಾನು ನೆಲದ ಮೇಲೆ ಕೂತೆ. ಆ ದೂರ ಹತ್ತು ಹೆಜ್ಜೆ ಇತ್ತು. ಅದು ಕಾರ್ ಕಡೆ ನೋಡಿದ್ರೆ ಬೇಯಿಸಿದ ಮೊಟ್ಟೆಯ ಒಂದು ಚೂರು. ಮರುದಿನ ಒಂಬತ್ತು ಹೆಜ್ಜೆ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಎಳೆಯೋದಿಲ್ಲ, ಎತ್ತಿ ಹಾಕೋದಿಲ್ಲ.

ಆರನೇ ದಿನಕ್ಕೆ ಬಾಗಿಲ ತನಕ ಬಂತು. ಅಲ್ಲಿಂದ ಒಳಗೆ ಮಾತ್ರ ಇಲ್ಲ. ಮೊಟ್ಟೆ ಸೀಟಿನ ಮೇಲಿಟ್ರೆ ಕತ್ತು ಉದ್ದ ಮಾಡಿ ತಗೊಳ್ಳುತ್ತೆ, ಕಾಲು ಮಾತ್ರ ನೆಲದ ಮೇಲೇ.

ಆಗ ಕೆಲಸ ಮಾಡಿದ್ದು ನನ್ನ ಮೊಟ್ಟೆ ಅಲ್ಲ, ಅಜ್ಜಿ. ಎರಡನೇ ವಾರ ಒಂದು ಸಂಜೆ ಹತ್ತಿಯ ಡಬ್ಬಿ ಹಿಡ್ಕೊಂಡು ಬಂದು ನಿಂತಿದ್ದ ಕಾರಿನ ಹಿಂದಿನ ಸೀಟಲ್ಲಿ ಕೂತ್ರು. ದೇವರ ದೀಪಕ್ಕೆ ಹೂಬತ್ತಿ ಹೊಸೆಯೋಕೆ ಶುರು ಮಾಡಿದ್ರು. ಕೆಂಪಿ ಕಡೆ ತಿರುಗಿಯೂ ನೋಡ್ಲಿಲ್ಲ, ಕರೀಲೂ ಇಲ್ಲ. ಆ ದಾರೀಲಿ ಹೋಗೋರೆಲ್ಲ "ಎಲ್ಲಿಗೆ ಹೊರಟ್ರಿ ಅಜ್ಜಿ?" ಅಂತ ಕೇಳೋರು. "ಎಲ್ಲಿಗೂ ಇಲ್ಲಪ್ಪ, ಸುಮ್ನೆ ಕೂತಿದೀನಿ" ಅನ್ನೋರು.

ಮೂರು ಸಂಜೆ ಹೀಗೇ ಆಯ್ತು. ನಾಲ್ಕನೇ ಸಂಜೆ ಕೆಂಪಿ ಮುಂಗಾಲಿಟ್ಟು, ಹಿಂಗಾಲಿಟ್ಟು, ಮೇಲೆ ಹತ್ತಿ, ಅಜ್ಜಿ ತೊಡೆ ಪಕ್ಕ ಸುತ್ತಿಕೊಂಡು ಮಲಗ್ತು. ಅಜ್ಜಿ ಆಗಲೂ ಏನೂ ಹೇಳದೆ ಒಂದು ಕೈ ಅದರ ಮೇಲಿಟ್ಟು ಇನ್ನೊಂದು ಕೈಲಿ ಹತ್ತಿ ಬಿಡಿಸ್ತಾ ಇದ್ರು. ನಾನು ಓಡಿಹೋಗಿ ನೋಟ್‌ಬುಕ್ಕಲ್ಲಿ ಬರೆದೆ: ಏಪ್ರಿಲ್ 18, 20 ನಿಮಿಷ, 0 ಕಿಮೀ, ಜೊಲ್ಲು ಇಲ್ಲ.

ಆಮೇಲೆ ಬಾಗಿಲು ಮುಚ್ಚಿ ಕೂರೋದು. ಆಮೇಲೆ ಎಂಜಿನ್ ಆನ್ ಮಾಡಿ, ಗಾಡಿ ಕದಲಿಸದೆ ಕೂರೋದು. ಮೊದಲ ದಿನ ಎಂಜಿನ್ ಸದ್ದಿಗೆ ಆಕಳಿಕೆ ಬಂತು, ಆಫ್ ಮಾಡಿದ್ವಿ. ಹತ್ತು ಸೆಕೆಂಡಿಂದ ಶುರು ಮಾಡಿ ಐದು ನಿಮಿಷಕ್ಕೆ ಬರೋಕೆ ಒಂದು ವಾರ. ಮೂರು ವಾರ ಆಯ್ತು, ಪ್ರಯಾಣಿಸಿದ ದೂರ ಸೊನ್ನೆ. ಅಪ್ಪ ಕ್ಯಾಲೆಂಡರ್ ನೋಡಿದ್ರು, ನನ್ನ ಮುಖ ನೋಡಿದ್ರು, ಸುಮ್ಮನಾದ್ರು.

5/7

ನಾಲ್ಕನೇ ವಾರ ಕಾರ್ ಗೇಟು ದಾಟಿತು. ಬೀದಿ ಕೊನೆ ತನಕ ಹೋಗಿ, ಇಳಿದು, ಖಾಲಿ ಸೈಟಲ್ಲಿ ಓಡಾಡಿ, ವಾಪಸ್. ಮುಂದೆ ಒಂದು ಕಿಲೋಮೀಟರ್, ಎರಡು, ಮೂರು. ಪ್ರತಿ ಪ್ರಯಾಣದ ಕೊನೆಗೆ ಅದಕ್ಕೆ ಇಷ್ಟ ಆಗೋ ಜಾಗ ಇರ್ಬೇಕು: ಹುಲ್ಲು, ಮಣ್ಣು, ಮೂಸೋಕೆ ಸಾವಿರ ವಾಸನೆ. ಕಾರ್ ಅಂದ್ರೆ ಸೂಜಿ ಅಲ್ಲ, ಕಾರ್ ಅಂದ್ರೆ ಬಯಲು ಅಂತ ಅದರ ತಲೇಲಿ ಕೂರ್ಬೇಕು.

ಇನ್ನೊಂದು ನಿಯಮ: ಸಂಕಟ ಶುರುವಾಗೋಕೆ ಮುಂಚೆಯೇ ಪ್ರಯಾಣ ಮುಗಿಬೇಕು. ಇವತ್ತು ಮೂರನೇ ಕಿಲೋಮೀಟರಿಗೆ ಜೊಲ್ಲು ಬಂದ್ರೆ ನಾಳೆ ಎರಡಕ್ಕೇ ನಿಲ್ಸಿ.

ಡ್ರೈವ್ ಮಾಡೋರದೇ ಅರ್ಧ ಕೆಲಸ. ಸ್ಟೇರಿಂಗ್ ಹಿಡಿದೋರಿಗೆ ಮುಂದಿನ ತಿರುವು ಗೊತ್ತಿರುತ್ತೆ, ಅವರ ಮೈ ಮೊದಲೇ ತಯಾರಾಗುತ್ತೆ. ಅದಕ್ಕೇ ಡ್ರೈವರ್‌ಗೆ ವಾಂತಿ ಬರೋದು ಕಮ್ಮಿ. ಹಿಂದೆ ಕೂತ ನಾಯಿಗೆ ಪ್ರತಿ ತಿರುವೂ, ಪ್ರತಿ ಬ್ರೇಕೂ ದಿಢೀರ್. ನಮ್ಮಪ್ಪ ಹಂಪ್ ಹತ್ರ ಬಂದ ಮೇಲೆ ಬ್ರೇಕ್ ನೆನಪಾಗೋ ಪೈಕಿ. "ಅಪ್ಪ, ಚೌತಿಗೆ ಗಣಪತಿ ತರ್ತೀವಲ್ಲ, ಹಾಗೆ ಓಡ್ಸಿ" ಅಂದೆ. ಅದು ಅವರಿಗೆ ಸರಿಯಾಗಿ ತಾಗಿತು. ಅವತ್ತಿಂದ ನಮ್ಮ ಕಾರಲ್ಲಿ ದಿನಾ ಗಣಪತಿ.

ಆರನೇ ವಾರ ಗಾಜನೂರು. ತೀರ್ಥಹಳ್ಳಿ ರಸ್ತೆಯಲ್ಲಿ ತುಂಗೆಯ ಡ್ಯಾಂ ಇರೋ ಊರು, ನಮ್ಮನೆಯಿಂದ ಹದಿನೈದು ಕಿಲೋಮೀಟರ್ ಒಳಗೆ. ಮೊದಲ ಭಾನುವಾರ ಚೆನ್ನಾಗೇ ಆಯ್ತು. ನೀರಿನ ಗಾಳಿಗೆ ಕೆಂಪಿಯ ಮಡಚಿದ ಕಿವಿಯೂ ನೆಟ್ಟಗಾಯ್ತು.

ಎರಡನೇ ಸಲ ರಸ್ತೆ ಅಗೆದು ಹಾಕಿದ್ರು. ಲಾರಿ ಹಿಂದೆ ನಿಂತು, ಹೊರಟು, ಮತ್ತೆ ನಿಂತು, ಧೂಳು, ಡೀಸೆಲ್ ಹೊಗೆ. ಒಂಬತ್ತನೇ ಕಿಲೋಮೀಟರಿಗೆ ವಾಂತಿ. ಬರೀ ವಾಂತಿ ಆದ್ರೆ ಪರವಾಗಿಲ್ಲ, ಮರುದಿನ ಕೆಂಪಿ ಮತ್ತೆ ಮಂಚದ ಕೆಳಗೆ. ಆರು ವಾರದ ಜಮಾ ಒಂದು ಬೆಳಿಗ್ಗೆಗೆ ಖಾಲಿ ಅನ್ನಿಸ್ತು. ಅವತ್ತು ರಾತ್ರಿ ಹೊದಿಕೆ ಮುಸುಕು ಹಾಕ್ಕೊಂಡು ಅತ್ತೆ ನಾನು. ಉಳಿದಿದ್ದು ಹದಿನೈದು ದಿನ.

ಆದರೆ ನೋಟ್‌ಬುಕ್ ತೆಗೆದು ನೋಡಿದ್ರೆ ಖಾಲಿ ಆಗಿರಲಿಲ್ಲ. ಮತ್ತೆ ಹತ್ತು ಹೆಜ್ಜೆ ದೂರದಿಂದ ಶುರು ಮಾಡಿದ್ವಿ, ಅಜ್ಜಿ ಹತ್ತಿ ಡಬ್ಬಿ ಹಿಡ್ಕೊಂಡು ಬಂದ್ರು. ಮೊದಲ ಸಲ ಒಳಗೆ ಹತ್ತೋಕೆ ಎರಡು ವಾರ ಬೇಕಾಗಿತ್ತು. ಈ ಸಲ ಎರಡು ದಿನ. ಪೇರಿಸಿದ್ದು ಉಳಿದಿತ್ತು. ಮೇ ಕೊನೇ ಭಾನುವಾರಕ್ಕೆ ಮುಂಚಿನ ಭಾನುವಾರ, ವೈದ್ಯರು ಹೇಳಿದ ಹಾಗೆ ಮಾತ್ರೆ ಕೊಟ್ಟು, ಮಂಡಗದ್ದೆ ಹತ್ರದ ತನಕ ಹೋಗಿ ಬಂದ್ವಿ. ಒಂದು ಕಡೆಗೆ ಸುಮಾರು 30 ಕಿಲೋಮೀಟರ್. ವಾಂತಿ ಇಲ್ಲ, ಜೊಲ್ಲು ಸ್ವಲ್ಪ.

6/7

ಇದು ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳೋ ಪೋಸ್ಟ್.

ಊಟ: ಹೊರಡೋಕೆ ಮುಂಚಿನ ಕೆಲವು ಗಂಟೆ ಹೊಟ್ಟೆ ತುಂಬ ಹಾಕ್ಬೇಡಿ. ನೀರು ಸ್ವಲ್ಪ ಸ್ವಲ್ಪ ಕೊಡಬಹುದು. ಮೊಟ್ಟೆ, ತಿಂಡಿ ಎಲ್ಲ ಕಾರ್ ಓಡ್ತಿರುವಾಗ ಅಲ್ಲ, ಇಳಿದ ಮೇಲೆ.

ಕೂರೋ ಜಾಗ: ಹಿಂದಿನ ಸೀಟು. ಎದೆಗೆ ಹಾಕೋ ಹಾರ್ನೆಸ್, ಅದನ್ನ ಸೀಟ್ ಬೆಲ್ಟಿಗೆ ಸಿಕ್ಕಿಸಿ. ಕುತ್ತಿಗೆ ಪಟ್ಟಿಗೆ ಸಿಕ್ಕಿಸಿದ್ರೆ ಜೋರು ಬ್ರೇಕಿಗೆ ಕುತ್ತಿಗೆಗೇ ಪೆಟ್ಟು. ಹಾರ್ನೆಸ್ ಇದ್ರೆ ಬೀಳೋ ಭಯವೂ ಕಮ್ಮಿ. ಮುಂದಿನ ಸೀಟು ಬೇಡ, ಏರ್‌ಬ್ಯಾಗ್ ನಾಯಿಗೆ ಅಪಾಯ. ಡ್ರೈವರ್ ತೊಡೆ ಅಂತೂ ಬೇಡವೇ ಬೇಡ.

ಗಾಳಿ: ಕಿಟಕಿ ಎರಡು ಮೂರು ಇಂಚು ಇಳಿಸಿ. ತಲೆ ಹೊರಗೆ ಹಾಕೋಕೆ ಬಿಡಬೇಡಿ. ರೀಲ್ಸಲ್ಲಿ ಚೆನ್ನಾಗಿ ಕಾಣುತ್ತೆ, ಕಣ್ಣಿಗೆ ಕಲ್ಲು ಸಿಡಿದ್ರೆ ಚೆನ್ನಾಗಿರಲ್ಲ.

ವಾಸನೆ: ಡ್ಯಾಶ್‌ಬೋರ್ಡಲ್ಲಿರೋ ಸುಗಂಧದ ಡಬ್ಬಿ ತೆಗೆದುಬಿಡಿ. ನಮಗಿಂತ ಎಷ್ಟೋ ಪಟ್ಟು ಚುರುಕು ಮೂಗು ಅದು. ನಮ್ಮ ನಿಂಬೆಹಣ್ಣಿನ ಉಪಾಯವೂ ಬೇಡ, ತುಂಬಾ ನಾಯಿಗಳಿಗೆ ಆ ವಾಸನೆ ಹಿಡಿಸಲ್ಲ. ಅದರ ಬದಲು ಅದು ದಿನಾ ಮಲಗೋ ಬಟ್ಟೆ ಹಾಸಿ. ನಾವು ಹಾಸಿದ್ದು ಅಜ್ಜಿಯ ಹಳೇ ಸೀರೆ.

ಬಿಸಿಲು: ನಾವು ಹೋಗ್ತಿದ್ದದ್ದು ಬೆಳಿಗ್ಗೆ ಆರೂವರೆಗೆ. ನಾಯಿ ಮೈ ತಂಪು ಮಾಡ್ಕೊಳ್ಳೋದು ಮುಖ್ಯವಾಗಿ ಏದುಸಿರಿಂದ, ನಮ್ಮ ಹಾಗೆ ಬೆವರಿ ಅಲ್ಲ. ನಿಲ್ಲಿಸಿದ ಕಾರಲ್ಲಿ ಒಂದೇ ಒಂದು ನಿಮಿಷ ಅಂತ ಬಿಟ್ಟು ಹೋಗ್ಬೇಡಿ. ಒಳಗಿನ ಬಿಸಿ ಬೇಗ ಏರುತ್ತೆ, ಜೀವಕ್ಕೇ ಅಪಾಯ.

ವಾಂತಿ ಆದ್ರೆ: ಬೈಬೇಡಿ, ಅಯ್ಯೋ ಅಂತ ಕೂಗ್ಬೇಡಿ. ಒರೆಸಿ, ಗಾಡಿ ಪಕ್ಕಕ್ಕೆ ನಿಲ್ಸಿ, ಇಳಿಸಿ, ನೀರು ಕೊಡಿ. ಹಳೇ ಟವೆಲ್ ಎರಡಿರಲಿ.

7/7

ಮೇ 30, ಬೆಳಿಗ್ಗೆ ನಾಲ್ಕಕ್ಕೆ ಮಾತ್ರೆ, ಆರೂಕಾಲಿಗೆ ಹೊರಟ್ವಿ. ಸಾಮಾನಿನ ಲಾರಿ ಹಿಂದಿನ ದಿನವೇ ಬೇರೆ ದಾರೀಲಿ ಹೋಗಿತ್ತು. ಮುಂದೆ ಅಪ್ಪ ಅಮ್ಮ, ಹಿಂದೆ ಅಜ್ಜಿ, ನಡುವೆ ಕೆಂಪಿ, ಈ ಕಡೆ ನಾನು. ಮಂಡಗದ್ದೆ ದಾಟಿತು. ತೀರ್ಥಹಳ್ಳೀಲಿ ಇಳಿದು ಹತ್ತು ನಿಮಿಷ ಓಡಾಡಿಸಿದ್ವಿ. ಆಗುಂಬೇಲಿ ಮತ್ತೆ ಹದಿನೈದು ನಿಮಿಷ, ಯಾಕಂದ್ರೆ ಘಾಟಿ ಶುರುವಾದ್ರೆ ಮಧ್ಯೆ ನಿಲ್ಸೋಕೆ ಜಾಗ ಇಲ್ಲ.

ತಿರುವು ಎಣಿಸಿದ್ದು ಅಜ್ಜಿ. ಒಂದು, ಎರಡು, ಮೂರು ಅಂತ ಕೆಂಪಿಯ ಬೆನ್ನ ಮೇಲೆ ಬೆರಳು ಮಡಚ್ತಾ. ಐದಕ್ಕೆ ಆಕಳಿಕೆ. ಎಂಟಕ್ಕೆ ಜೊಲ್ಲು. ಅಪ್ಪ ಗಣಪತಿ ಥರ ಓಡಿಸ್ತಿದ್ರು, ಹಿಂದಿನ ಜೀಪಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ. ಹನ್ನೊಂದನೇ ತಿರುವಲ್ಲಿ ಕೆಂಪಿ ವಾಂತಿ ಮಾಡ್ತು. ಮಾತ್ರೆ ಕೊಟ್ಟಿದ್ರೂ ಮಾಡ್ತು. ಸ್ವಲ್ಪ, ಬರೀ ನೊರೆ. ಸೀರೆ ಮಡಚಿ ಪಕ್ಕಕ್ಕಿಟ್ಟೆ. ಯಾರೂ ಏನೂ ಮಾತಾಡ್ಲಿಲ್ಲ.

ಘಾಟಿ ಇಳಿದು ಸೋಮೇಶ್ವರದಲ್ಲಿ ನಿಲ್ಸಿದ್ವಿ. ಕೆಂಪಿ ಕೆಳಗಿಳಿದು, ಮೈ ಕೊಡವಿ, ನೀರು ಕುಡೀತು. ನಾನು ಅದರ ಬೆಲ್ಟ್ ಹಿಡ್ಕೊಂಡು ನಿಂತಿದ್ದೆ. ಈಗ ಇದು ಕಾರ್ ನೋಡಿ ಹಿಂದಕ್ಕೆ ಎಳೆದ್ರೆ? ಇನ್ನೂ 50 ಕಿಲೋಮೀಟರ್ ಹತ್ರ ಬಾಕಿ ಇದೆ.

ಅಜ್ಜಿ ಕಾರೊಳಗೇ ಕೂತಿದ್ರು. ಕೆಂಪಿ ಒಂದು ಸಲ ಮರ ಮೂಸಿತು, ಒಂದು ಸಲ ನನ್ನ ಮುಖ ನೋಡಿತು. ಆಮೇಲೆ ತಾನಾಗೇ ಹೋಗಿ, ಮುಂಗಾಲಿಟ್ಟು, ಹಿಂಗಾಲಿಟ್ಟು, ಹತ್ತಿ ಕೂತ್ಕೊಂಡ್ತು.

ಅಪ್ಪ ಕನ್ನಡಿಯಲ್ಲಿ ಹಿಂದೆ ನೋಡಿ, "ಹತ್ತಿತಾ?" ಅಂದ್ರು. ಗಂಟಲು ಸ್ವಲ್ಪ ಒರಟಾಗಿತ್ತು.

ವಾಂತಿ ನಿಂತಿತಾ ಅಂತ ತುಂಬಾ ಜನ ಡಿಎಂ ಮಾಡಿ ಕೇಳಿದ್ರಿ. ಪೂರ್ತಿ ನಿಂತಿಲ್ಲ. ಕಿವಿಯದು ಹಾಗೇ ಇದೆ, ಘಾಟಿಯಲ್ಲಿ ಇನ್ನೂ ಕಾಡುತ್ತೆ. ನಿಂತಿದ್ದು ಭಯ. ಗೆದ್ದಿದ್ದು ಆ ಎರಡನೇ ಕಾಯಿಲೆಯನ್ನ, ಮತ್ತೆ ನಂಗೆ ಬೇಕಾಗಿದ್ದೂ ಅದೇ. ಸಂಕಟ ಬರುತ್ತೆ, ಹೋಗುತ್ತೆ, ಪಕ್ಕದಲ್ಲಿ ನಮ್ಮವರು ಇರ್ತಾರೆ ಅಂತ ಅದಕ್ಕೆ ಈಗ ಗೊತ್ತು.

ಕೆಂಪಿ ಈಗ ಉಡುಪಿಯಲ್ಲಿ ಅಜ್ಜಿ ಮಂಚದ ಪಕ್ಕ. ನಾನು ಇಲ್ಲಿ ಹಾಸ್ಟೆಲಲ್ಲಿ. ಎಂಟು ವಾರ ದಿನಾ ಕೂತು ನಾನು ಕಲಿಸಿದ್ದು ನನ್ನನ್ನ ಬಿಟ್ಟು ಹೋಗೋದನ್ನ ಅಂತ ಒಮ್ಮೊಮ್ಮೆ ಅನ್ಸುತ್ತೆ. ಪರವಾಗಿಲ್ಲ. ರಾತ್ರಿ ಅಮ್ಮ ಫೋನ್ ಮಾಡಿದಾಗ ಹಿಂದೆ ಅಜ್ಜಿ ಯಾರಿಗೋ ಬೈಯ್ಯೋ ಸದ್ದು ಕೇಳುತ್ತೆ. ಯಾರಿಗೆ ಅಂತ ಕೇಳೋದೇ ಬೇಡ.

ಈಗ ನಿಮ್ಮ ಸರದಿ. ದೂರದ ಲೆಕ್ಕ ಆಮೇಲೆ. ನಾಳೆ ಬೆಳಿಗ್ಗೆ ಮಾಡ್ಬೇಕಾದ್ದು ಇಷ್ಟೇ: ನಿಂತಿರೋ ಕಾರಿನ ಬಾಗಿಲು ತೆಗೆದಿಟ್ಟು, ನಿಮ್ಮ ನಾಯಿ ನಿರಾಳವಾಗಿರೋವಷ್ಟು ದೂರದಲ್ಲಿ ಅದರ ಜೊತೆ ಐದು ನಿಮಿಷ ಕೂತ್ಕೊಳ್ಳಿ. ಕೀ ಮನೆಯೊಳಗೇ ಇರಲಿ.